200 ಎಚ್‌ಪಿ ದಾಟಿದ್ದೆಲ್ಲ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಸಣ್ಣ ವಿಮಾನಗಳ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ‘ಹೈ ಪರ್ಫಾರ್ಮೆನ್ಸ್ ಟರ್ಬೊಪ್ರಾಪ್’ (ಟರ್ಬೊಪ್ರಾಪ್ ಎಂದರೆ ಟರ್ಬೈನ್ ಎಂಜಿನ್ನಿನಿಂದ ಪ್ರೊಪೆಲರ್ ತಿರುಗಿಸುವ ವಿಮಾನ) ಎಂಬ ಮಾತು ಕಾಣಿಸಿಕೊಳ್ಳುತ್ತದೆ. ಕನ್ನಡಕ್ಕೆ ಬರುವಷ್ಟರಲ್ಲಿ ಅದು ಕೆಲವು ಸಲ ‘ಅತ್ಯಾಧುನಿಕ ವಿಮಾನ’ ಆಗಿರುತ್ತದೆ, ಕೆಲವು ಸಲ ‘ಉತ್ಕೃಷ್ಟ ಸಾಮರ್ಥ್ಯದ ವಿಮಾನ’. ಎರಡೂ ತಪ್ಪು. ಪೈಲಟ್‌ಗಳ ಮಟ್ಟಿಗೆ ಅದು ಹೊಗಳಿಕೆಯ ಮಾತಲ್ಲ, ನಿಯಮಪುಸ್ತಕದಲ್ಲಿ ಅಳತೆ ಹಾಕಿ ಬರೆದಿರುವ ಒಂದು ಗೆರೆ. ಆ ಗೆರೆ ಎಲ್ಲಿದೆ, ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದು ಸುದ್ದಿ ಬರೆಯುವವರಿಗಷ್ಟೇ ಅಲ್ಲ, ಮಕ್ಕಳನ್ನು ಪೈಲಟ್ ತರಬೇತಿಗೆ ಅಮೆರಿಕಕ್ಕೆ ಕಳಿಸುವ ತಂದೆತಾಯಂದಿರಿಗೂ ಗೊತ್ತಿರಬೇಕು. ‘ಹೈ ಪರ್ಫಾರ್ಮೆನ್ಸ್ ಎಂಡಾರ್ಸ್‌ಮೆಂಟ್ (ಲಾಗ್‌ಬುಕ್‌ನಲ್ಲಿ ಬೋಧಕರ ಸಹಿ) ಸೇರಿ ಇಷ್ಟು ಡಾಲರ್’ ಎಂದು ಶುಲ್ಕದ ಪಟ್ಟಿಯಲ್ಲಿ ಬರೆದಿದ್ದರೆ, ಆ ದುಡ್ಡಿಗೆ ಏನು ಸಿಗುತ್ತಿದೆ ಎಂದು ತಿಳಿದೇ ಕೊಡಬೇಕಲ್ಲ? ಪತ್ರ ಉದ್ದವಾಗಿದೆ, ಕ್ಷಮೆಯಿರಲಿ.

ಈ ಪದ ಬಂದಿದ್ದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ನಿಯಮಾವಳಿಯಿಂದ, 61.31ನೇ ನಿಯಮದ ‘ಎಫ್’ ಉಪನಿಯಮದಿಂದ. ಅಲ್ಲಿರುವುದು ಒಂದೇ ಷರತ್ತು: 200 ಎಚ್‌ಪಿಗಿಂತ ಹೆಚ್ಚು ಶಕ್ತಿಯ ಎಂಜಿನ್ ಇದ್ದರೆ ಅದು ಹೈ ಪರ್ಫಾರ್ಮೆನ್ಸ್ ವಿಮಾನ. ವೇಗ, ಎತ್ತರ, ಬೆಲೆ, ಕಂಪ್ಯೂಟರ್ ಪರದೆ ಯಾವುದೂ ಲೆಕ್ಕಕ್ಕಿಲ್ಲ. ‘ಹೆಚ್ಚು’ ಎಂದರೆ ಹೆಚ್ಚೇ. ಸರಿಯಾಗಿ 200 ಎಚ್‌ಪಿ ಇರುವ ಪೈಪರ್ ಆ್ಯರೋ ಗೆರೆಯ ಈಚೆಗೇ ಉಳಿಯುತ್ತದೆ, 230 ಎಚ್‌ಪಿಯ ಸೆಸ್ನಾ 182 ಆಚೆಗೆ ಹೋಗುತ್ತದೆ. ಲೆಕ್ಕ ಒಂದೊಂದು ಎಂಜಿನ್ನಿನದು, ಎರಡನ್ನೂ ಕೂಡಿಸಿದ್ದಲ್ಲ. ಹೀಗಾಗಿ ತಲಾ 168 ಎಚ್‌ಪಿಯ ಎರಡು ಡೀಸೆಲ್ ಎಂಜಿನ್ ಇರುವ ಡೈಮಂಡ್ ಡಿಎ42, ಒಟ್ಟು 336 ಎಚ್‌ಪಿ ಇದ್ದರೂ, ಹೈ ಪರ್ಫಾರ್ಮೆನ್ಸ್ ಅಲ್ಲ. ತೋಟದಲ್ಲಿ 5 ಎಚ್‌ಪಿಯ ಎರಡು ಪಂಪ್‌ಸೆಟ್ ಇಟ್ಟುಕೊಂಡವನಿಗೆ 10 ಎಚ್‌ಪಿಯ ಒಂದು ಪಂಪ್‌ಸೆಟ್ ಇದೆ ಎಂದು ಯಾರೂ ಹೇಳುವುದಿಲ್ಲ. ಇದೂ ಅದೇ ಲೆಕ್ಕ.

ಗೆರೆ ದಾಟಲು ಪೈಲಟ್ ಮಾಡಬೇಕಾದ್ದು ಇಷ್ಟು: ಅಂಥ ವಿಮಾನದಲ್ಲೋ, ಅದನ್ನು ಹೋಲುವ ಸಿಮ್ಯುಲೇಟರ್‌ನಲ್ಲೋ ಬೋಧಕರ ಬಳಿ ನೆಲದ ಪಾಠ ಮತ್ತು ಹಾರಾಟದ ಪಾಠ ಮುಗಿಸಬೇಕು. ಈತ ಇದನ್ನು ನಡೆಸಬಲ್ಲ ಎಂದು ಬೋಧಕರು ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಬೇಕು. ಇಂತಿಷ್ಟು ಗಂಟೆ ಎಂಬ ಕನಿಷ್ಠ ಮಿತಿ ಇಲ್ಲ, ಪರೀಕ್ಷಕರ ಮುಂದೆ ಪರೀಕ್ಷೆ ಇಲ್ಲ, ಪರವಾನಗಿಯ ಕಾರ್ಡಿನ ಮೇಲೆ ಅದು ಅಚ್ಚಾಗುವುದೂ ಇಲ್ಲ. ಒಂದು ಸಲ ಸಹಿ ಬಿದ್ದರೆ ಜೀವಮಾನಕ್ಕೆ ಸಾಕು. ಸೆಸ್ನಾ 182ರಲ್ಲಿ ಪಡೆದ ಸಹಿಯನ್ನು 1,200 ಎಚ್‌ಪಿಯ ಪಿಲಾಟಸ್ ಪಿಸಿ-12ಕ್ಕೂ ಕಾನೂನು ಒಪ್ಪುತ್ತದೆ. ಇಡೀ ಗೊಂದಲದ ಬೇರು ಇರುವುದೇ ಇಲ್ಲಿ.

ಇದರ ಪಕ್ಕದಲ್ಲೇ ಇನ್ನೆರಡು ಗೆರೆಗಳಿವೆ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದು ಅನುಭವಿಗಳಿಗೂ ಅಭ್ಯಾಸವಾಗಿಬಿಟ್ಟಿದೆ. ಅದಕ್ಕೆ ಕಾರಣವೂ ಇದೆ. 1997ರ ಆಗಸ್ಟ್‌ವರೆಗೆ ಅಮೆರಿಕದ ನಿಯಮದಲ್ಲಿ 200 ಎಚ್‌ಪಿಗೆ ಮೀರಿದ ವಿಮಾನವೂ, ಮಡಚುವ ಚಕ್ರದ ವಿಮಾನವೂ ‘ಹೈ ಪರ್ಫಾರ್ಮೆನ್ಸ್’ ಎಂಬ ಒಂದೇ ಹೆಸರಿನಡಿ ಇದ್ದವು. ಆಮೇಲೆ ಅವನ್ನು ಬೇರೆ ಮಾಡಿದರು. ಹಳಬರ ಬಾಯಲ್ಲಿ ಹಳೆಯ ಅರ್ಥವೇ ಉಳಿದಿದೆ. ಈಗ ‘ಇ’ ಉಪನಿಯಮ ‘ಕಾಂಪ್ಲೆಕ್ಸ್’ ವಿಮಾನಗಳದ್ದು. ನೆಲದ ಮೇಲೆ ಇಳಿಯುವ ವಿಮಾನ ಹಾಗೆನಿಸಿಕೊಳ್ಳಲು ಮೂರೂ ಒಟ್ಟಿಗೆ ಇರಬೇಕು: ಮಡಚುವ ಲ್ಯಾಂಡಿಂಗ್ ಗೇರ್ (ಚಕ್ರಗಳು), ಫ್ಲಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಚಾಚುವ ಪಟ್ಟಿ), ಮತ್ತು ಅಲಗುಗಳ ಕೋನ ಬದಲಿಸಬಲ್ಲ ಪ್ರೊಪೆಲರ್. ‘ಜಿ’ ಉಪನಿಯಮ ಎತ್ತರದ್ದು. ಕ್ಯಾಬಿನ್ನಿಗೆ ಗಾಳಿಯ ಒತ್ತಡ ತುಂಬುವ ವಿಮಾನವಾಗಿದ್ದು, ಅದರ ಗರಿಷ್ಠ ಎತ್ತರ 25,000 ಅಡಿಗಿಂತ ಹೆಚ್ಚಿದ್ದರೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ಸಹಿ.

ಈಗ ಟರ್ಬೊಪ್ರಾಪ್‌ಗಳನ್ನು ಈ ಮೂರು ಗೆರೆಗಳ ಮುಂದೆ ನಿಲ್ಲಿಸಿ ನೋಡೋಣ. ಸೆಸ್ನಾ ಕ್ಯಾರವಾನ್‌ಗೆ ಪ್ರಾಟ್ ಅಂಡ್ ವಿಟ್ನಿ ಕೆನಡಾದ ಪಿಟಿ6 ಎಂಜಿನ್, 675 ಎಚ್‌ಪಿ. ಹಾಗಾಗಿ ಅದು ಹೈ ಪರ್ಫಾರ್ಮೆನ್ಸ್ ಹೌದು. ಆದರೆ ಚಕ್ರ ಮಡಚುವುದಿಲ್ಲ, ಆದ್ದರಿಂದ ಕಾಂಪ್ಲೆಕ್ಸ್ ಅಲ್ಲ. ಕ್ಯಾಬಿನ್ನಿಗೆ ಒತ್ತಡ ತುಂಬುವುದಿಲ್ಲ, ಹಾಗಾಗಿ ಮೂರನೆಯ ಸಹಿಯೂ ಬೇಡ. ನೇಪಾಳದ ಲುಕ್ಲಾದಲ್ಲಿ ಚಕ್ರದ ಮೇಲೆ ಇಳಿಯುವ ಟ್ವಿನ್ ಆಟರ್ ಕೂಡ ಹಾಗೆಯೇ. ಎರಡು ಟರ್ಬೈನ್ ಎಂಜಿನ್ ಹೊತ್ತುಕೊಂಡೂ ಅಮೆರಿಕದ ಲೆಕ್ಕದಲ್ಲಿ ಅದು ‘ಕಾಂಪ್ಲೆಕ್ಸ್’ ಅಲ್ಲ. 200 ಎಚ್‌ಪಿಯ ಹಳೆಯ ಆ್ಯರೋ ಕಾಂಪ್ಲೆಕ್ಸ್! ಫ್ರಾನ್ಸಿನ ಟಿಬಿಎಂ ಸರಣಿಯ ವಿಮಾನಗಳಾದರೋ ಮೂರೂ ಗೆರೆ ದಾಟುತ್ತವೆ. 1988ರಲ್ಲಿ ಮೊದಲು ಹಾರಿದ ಟಿಬಿಎಂ 700ಕ್ಕೆ 700 ಎಚ್‌ಪಿ ಇತ್ತು, ಈಚಿನ ಟಿಬಿಎಂ 960 ಸುಮಾರು 330 ನಾಟ್, ಅಂದರೆ ಗಂಟೆಗೆ 610 ಕಿ.ಮೀ. ವೇಗದಲ್ಲಿ 31,000 ಅಡಿಯವರೆಗೆ ಹೋಗುತ್ತದೆ. ಅದನ್ನು ಒಬ್ಬನೇ ಪೈಲಟ್ ಹಾರಿಸಬಹುದು, ಖಾಸಗಿ ಪರವಾನಗಿಯ ಜತೆಗೆ ಈ ಮೂರು ಸಹಿಗಳಿದ್ದರೆ ಅಮೆರಿಕದ ಕಾನೂನಿನ ಪ್ರಕಾರ ಟೈಪ್ ರೇಟಿಂಗ್ (ಆ ಒಂದು ಮಾದರಿಗೆಂದೇ ಪಡೆಯುವ ಅರ್ಹತೆ) ಕೂಡ ಬೇಡ.

ಏಕೆಂದರೆ ಅಲ್ಲಿ ಟೈಪ್ ರೇಟಿಂಗ್ ಕಡ್ಡಾಯವಾಗುವುದು ಜೆಟ್‌ಗಳಿಗೆ, 12,500 ಪೌಂಡ್‌ ಅಂದರೆ ಸುಮಾರು 5,670 ಕೆ.ಜಿ. ಮೀರಿದ ವಿಮಾನಗಳಿಗೆ, ಮತ್ತು ಎಫ್‌ಎಎ ಹೆಸರಿಸಿದ ಬೇರೆ ಕೆಲವಕ್ಕೆ. ಟರ್ಬೊಪ್ರಾಪ್‌ನ ಹೊಟ್ಟೆಯೊಳಗೆ ಇರುವುದು ಜೆಟ್ಟಿನ ಜಾತಿಯದೇ ಟರ್ಬೈನ್ ಆದರೂ, ಮೂಗಿನ ಮೇಲೆ ಪ್ರೊಪೆಲರ್ ಇರುವುದರಿಂದ ಅದು ಜೆಟ್ ಪಟ್ಟಿಯಲ್ಲಿ ಬರುವುದಿಲ್ಲ. ತೂಕದ ಗೆರೆಯೂ ಅಷ್ಟೇ ವಿಚಿತ್ರ. ಕಿಂಗ್ ಏರ್ ಬಿ200ರ ಗರಿಷ್ಠ ತೂಕ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ 12,500 ಪೌಂಡ್. ಅದಕ್ಕೆ ಟೈಪ್ ರೇಟಿಂಗ್ ಇಲ್ಲ. ಅದರ ಅಣ್ಣ ಕಿಂಗ್ ಏರ್ 350 ತೂಗುವುದು 15,000 ಪೌಂಡ್. ಅದಕ್ಕೆ ಬೇಕು. ಕಾಕ್‌ಪಿಟ್‌ನಲ್ಲಿ ಕೂತವನ ಕೈಕಾಲಿಗೆ ಇವೆರಡರ ನಡುವೆ ಇರುವ ಅಂತರಕ್ಕಿಂತ ಕಾಗದದ ಮೇಲಿನ ಅಂತರವೇ ದೊಡ್ಡದು.

ಕಾನೂನು ಬಿಟ್ಟ ಜಾಗವನ್ನು ಅಲ್ಲಿ ವಿಮಾ ಕಂಪನಿಗಳು ತುಂಬುತ್ತವೆ. ಸಿಮ್ಯುಲೇಟರ್‌ನಲ್ಲಿ ಆ ಮಾದರಿಯದೇ ಕೋರ್ಸ್ ಮಾಡಿ ಬನ್ನಿ, ಬೋಧಕರ ಜತೆ ಇಂತಿಷ್ಟು ಗಂಟೆ ಹಾರಿ, ಪ್ರತಿ ವರ್ಷ ಮರುತರಬೇತಿ ತೋರಿಸಿ, ಇಲ್ಲವಾದರೆ ಪಾಲಿಸಿ ಇಲ್ಲ ಎನ್ನುತ್ತವೆ. ಒಂದು ಮಾದರಿಯ ವಿಷಯದಲ್ಲಿ ಮಾತ್ರ ಎಫ್‌ಎಎಯೇ ಕೈಹಾಕಬೇಕಾಯಿತು. ಮಿತ್ಸುಬಿಷಿ ಎಂಯು-2 ಎಂಬ ಅವಳಿ ಟರ್ಬೊಪ್ರಾಪ್ ಎಡಬಲಕ್ಕೆ ವಾಲಲು ಐಲೆರಾನ್ (ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಬದಲು ಸ್ಪಾಯ್ಲರ್ (ರೆಕ್ಕೆಯ ಬೆನ್ನಿನಿಂದ ಎದ್ದು ನಿಲ್ಲುವ ಪಟ್ಟಿ) ಬಳಸುತ್ತದೆ. ಒಂದು ಎಂಜಿನ್ ನಿಂತಾಗ ಬೇರೆ ವಿಮಾನದ ರೂಢಿಯಂತೆ ಕೈಯಲ್ಲಿರುವ ಕಂಟ್ರೋಲ್ ಚಕ್ರ ತಿರುಗಿಸಿದರೆ ಆ ಕಡೆಯ ರೆಕ್ಕೆಯ ಮೇಲೆ ಸ್ಪಾಯ್ಲರ್ ಎದ್ದು ಇದ್ದಬದ್ದ ಎತ್ತುವ ಬಲವನ್ನೂ ಕೆಡಿಸುತ್ತದೆ. ಸಾವುನೋವು ಹೆಚ್ಚಾದಾಗ 2008ರಲ್ಲಿ ಆ ಮಾದರಿಗಷ್ಟೇ ವಿಶೇಷ ತರಬೇತಿ ನಿಯಮ ಬಂತು.

ಯುರೋಪಿನವರು ಎಚ್‌ಪಿಯ ಗೆರೆ ಎಳೆಯಲೇ ಇಲ್ಲ. ಅಲ್ಲಿ ಒಂದು ಎಂಜಿನ್ನಿನ ಟರ್ಬೊಪ್ರಾಪ್‌ಗೂ ಪ್ರತ್ಯೇಕ ಕ್ಲಾಸ್ ರೇಟಿಂಗ್ (ಆ ವರ್ಗದ ವಿಮಾನಕ್ಕೆ ಅರ್ಹತೆ) ಬೇಕು, ಅದು ಪರವಾನಗಿಯ ಮೇಲೆ ದಾಖಲಾಗುತ್ತದೆ, ಅವಧಿ ಮುಗಿದರೆ ನವೀಕರಿಸಬೇಕು. ಯಾವುದು ಹೈ ಪರ್ಫಾರ್ಮೆನ್ಸ್ ಎಂದು ಒಂದೊಂದೇ ಮಾದರಿಯನ್ನು ಪರಿಶೀಲಿಸಿ ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಎಎಸ್ಎ ತನ್ನ ಪಟ್ಟಿಯಲ್ಲಿ ಗುರುತು ಹಾಕುತ್ತದೆ. ಅಂಥ ಮೊದಲ ವಿಮಾನಕ್ಕೆ ಹೋಗುವವರಿಗೆ ಕನಿಷ್ಠ 200 ಗಂಟೆ ಹಾರಾಟ ಆಗಿರಬೇಕು, ಹೆಚ್ಚುವರಿ ಥಿಯರಿ ಕೋರ್ಸ್ ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಿರಬೇಕು. ‘ಕಾಂಪ್ಲೆಕ್ಸ್’ ಪದವೂ ಅಲ್ಲಿ ಬೇರೆ ಅರ್ಥದ್ದು: 5,700 ಕೆ.ಜಿ. ಮೀರಿದ್ದು, 19ಕ್ಕಿಂತ ಹೆಚ್ಚು ಪ್ರಯಾಣಿಕರದ್ದು, ಇಬ್ಬರು ಪೈಲಟ್ ಬೇಕೇಬೇಕಾದದ್ದು, ಜೆಟ್, ಅಥವಾ ಒಂದಕ್ಕಿಂತ ಹೆಚ್ಚು ಟರ್ಬೊಪ್ರಾಪ್ ಎಂಜಿನ್ ಇರುವುದು. ಅಮೆರಿಕದಲ್ಲಿ ಕಾಂಪ್ಲೆಕ್ಸ್ ಅಲ್ಲದ ಟ್ವಿನ್ ಆಟರ್ ಅಟ್ಲಾಂಟಿಕ್ ದಾಟಿದರೆ ಕಾಂಪ್ಲೆಕ್ಸ್ ಆಗುತ್ತದೆ, ಅಮೆರಿಕದಲ್ಲಿ ಕಾಂಪ್ಲೆಕ್ಸ್ ಆಗಿದ್ದ ಆ್ಯರೋ ಯುರೋಪಿನಲ್ಲಿ ಅಲ್ಲ. ಏಜೆನ್ಸಿ ಸುದ್ದಿಯನ್ನು ಅನುವಾದಿಸುವವರು ಯಾವ ದೇಶದ ಸುದ್ದಿ ಎಂದು ನೋಡದೆ ಈ ಎರಡು ಪದಗಳನ್ನು ಮುಟ್ಟಬಾರದು.

ನಮ್ಮಲ್ಲಿ? ಭಾರತದಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಡುವ ಪರವಾನಗಿಯ ಮೇಲೆ ವಿಮಾನದ ಮಾದರಿಯೇ ನಮೂದಾಗುತ್ತದೆ. ಜಕ್ಕೂರಿನಲ್ಲೋ ಮತ್ತೊಂದು ಕಡೆಯೋ ಸೆಸ್ನಾ 172ರಲ್ಲಿ ಕಲಿತವರು ಕಿಂಗ್ ಏರ್‌ಗೆ ಹೋಗಬೇಕಾದರೆ ಕಿಂಗ್ ಏರ್ ಎಂದೇ ನಮೂದಾಗಬೇಕು. ಬೆಂಗಳೂರು–ಶಿವಮೊಗ್ಗ ನಡುವೆ 2023ರ ಆಗಸ್ಟ್ 31ರಿಂದ ಓಡಾಡಿದ ಎಟಿಆರ್ 72ರ ಕಾಕ್‌ಪಿಟ್‌ಗೆ ಹೋಗಬೇಕಾದರೆ ಎಟಿಆರ್‌ನ ಟೈಪ್ ರೇಟಿಂಗ್ ಬೇಕು. ಅಮೆರಿಕದ ಲಾಗ್‌ಬುಕ್‌ನಲ್ಲಿ ಬೋಧಕರು ಹಾಕಿದ ‘ಹೈ ಪರ್ಫಾರ್ಮೆನ್ಸ್’ ಸಹಿ ಇಲ್ಲಿ ಇವ್ಯಾವುದರ ಜಾಗದಲ್ಲೂ ಕೂರುವುದಿಲ್ಲ. ಕಲಿತದ್ದು ವ್ಯರ್ಥ ಎನ್ನುತ್ತಿಲ್ಲ. ಆದರೆ ‘ಇದಿದ್ದರೆ ಊರಿಗೆ ಬಂದ ಕೂಡಲೇ ಟರ್ಬೊಪ್ರಾಪ್ ಕೆಲಸ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಲ್ಲಿಯವರೆಗೆ ಕಾಗದದ ಮಾತು. 200 ಎಚ್‌ಪಿಯ ಗೆರೆ ಪಿಸ್ಟನ್ ಎಂಜಿನ್‌ಗಳಿಗೆ ಸಾಕಷ್ಟು ಸರಿಹೊಂದುತ್ತದೆ, ಟರ್ಬೊಪ್ರಾಪ್ ವಿಷಯದಲ್ಲಿ ಅದಕ್ಕೆ ಅರ್ಥವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಮೇಲೆ ಹೆಸರಿಸಿದ ಟರ್ಬೊಪ್ರಾಪ್‌ಗಳಲ್ಲಿ 200 ಎಚ್‌ಪಿಯ ಹತ್ತಿರದ್ದು ಒಂದೂ ಇಲ್ಲ, ಎಲ್ಲವೂ ಬಹಳ ದೂರ ದಾಟಿದವೇ. ಎಲ್ಲವನ್ನೂ ಒಳಗೆ ಬಿಡುವ ಗೆರೆ ಯಾವುದನ್ನೂ ಬೇರ್ಪಡಿಸುವುದಿಲ್ಲ. ಪೈಲಟ್‌ಗೆ ಕಷ್ಟ ಕೊಡುವುದು ಶಕ್ತಿಯ ಅಂಕಿ ಅಲ್ಲ, ಆ ಶಕ್ತಿ ಹುಟ್ಟುವ ಬಗೆ.

ಕ್ಯಾರವಾನ್‌ನ ಎಂಜಿನ್ ಹೊತ್ತಿಸುವ ಅರ್ಧ ನಿಮಿಷವನ್ನೇ ತೆಗೆದುಕೊಳ್ಳಿ. ಮೊದಲು ಬ್ಯಾಟರಿ ನೋಡಬೇಕು: 24 ವೋಲ್ಟ್‌ಗಿಂತ ಕಡಿಮೆ ಇದ್ದರೆ ಕೈ ಹಾಕಬಾರದು, ಹೊರಗಿನ ವಿದ್ಯುತ್ ತರಿಸಬೇಕು. ತುರ್ತು ಪವರ್ ಲೀವರ್ ತನ್ನ ಮಾಮೂಲಿ ಜಾಗದಲ್ಲೇ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಸ್ಟಾರ್ಟರ್ ಒತ್ತಿದಾಗ ಎಂಜಿನ್ನಿನ ಒಳಗಿನ ಕಂಪ್ರೆಸರ್ ತಿರುಗಲು ತೊಡಗುತ್ತದೆ. ಅದರ ವೇಗ ಕನಿಷ್ಠ ಶೇ 12 ತಲುಪಿ ಅಲ್ಲಿ ನಿಲ್ಲುವವರೆಗೆ ಇಂಧನ ಬಿಡುವಂತಿಲ್ಲ. ನಿಂತ ಮೇಲೆ ಕಂಡೀಷನ್ ಲೀವರ್ ಮುಂದಕ್ಕೆ ಒತ್ತಿ ಇಂಧನ ಬಿಟ್ಟ ಕೂಡಲೇ ಒಳಗೆ ಬೆಂಕಿ ಹತ್ತುತ್ತದೆ. ಆಗ ಕಣ್ಣು ಇರಬೇಕಾದ್ದು ಟರ್ಬೈನ್ ಉಷ್ಣತೆಯ ಮುಳ್ಳಿನ ಮೇಲೆ, ಬೇರೆಲ್ಲೂ ಅಲ್ಲ. ಆ ಎಂಜಿನ್‌ಗೆ ಹೊತ್ತಿಸುವಾಗ ಅನುಮತಿಸಿದ ಗರಿಷ್ಠ 1,090 ಡಿಗ್ರಿ ಸೆಲ್ಸಿಯಸ್, ಅದೂ 2 ಸೆಕೆಂಡ್ ಮಾತ್ರ. ಎಲ್ಲವೂ ಸರಿ ಇದ್ದರೆ ಮುಳ್ಳು ಏರಿ, ಮಿತಿಗಿಂತ ಬಹಳ ಕೆಳಗೇ ತಿರುಗಿ ಇಳಿಯುತ್ತದೆ, ಕಂಪ್ರೆಸರ್ ಶೇ 52ಕ್ಕೆ ಬಂದು ನಿಲ್ಲುತ್ತದೆ, ಸ್ಟಾರ್ಟರ್ ಬಿಡಬಹುದು.

ತಪ್ಪುವುದು ಎಲ್ಲಿ? ವೋಲ್ಟೇಜ್ ಬಿದ್ದಾಗ ಪಂಪ್‌ಸೆಟ್ ಹಚ್ಚಿದರೆ ಮೋಟಾರ್ ಗುಂಯ್‌ಗುಟ್ಟುತ್ತ ತಿರುಗಲಾರದೆ ಕಾಯಿಲ್ ಸುಟ್ಟುಕೊಳ್ಳುವುದು ನಮ್ಮ ರೈತರಿಗೆ ಹೊಸದಲ್ಲ. ಇಲ್ಲಿಯೂ ಆರಂಭ ಹಾಗೆಯೇ. ಬ್ಯಾಟರಿ ಸೋತಿದ್ದರೆ ಕಂಪ್ರೆಸರ್ ನಿಧಾನವಾಗಿ ತಿರುಗುತ್ತದೆ, ಒಳಗೆ ಹೋಗುವ ಗಾಳಿ ಕಡಿಮೆಯಾಗುತ್ತದೆ. ಗಾಳಿ ಎಂಜಿನ್‌ಗೆ ಉರಿಯಲು ಮಾತ್ರವಲ್ಲ, ತಣ್ಣಗಿರಲೂ ಬೇಕು. ಇಂಧನ ಮಾತ್ರ ಬರುವಷ್ಟು ಬರುತ್ತಲೇ ಇರುತ್ತದೆ. ಮುಳ್ಳು ಏರುವ ರಭಸ ನೋಡಿದರೇ ಇದು ನಿಲ್ಲುವುದಿಲ್ಲ ಎಂದು ಗೊತ್ತಾಗುತ್ತದೆ, ಮಿತಿ ತಲುಪಲಿ ಎಂದು ಕಾಯಬಾರದು. ಇಂಧನ ತಟ್ಟನೆ ಕಡಿಯಬೇಕು. ಆದರೆ ಸ್ಟಾರ್ಟರ್ ಬಿಡಬಾರದು, ಗಾಬರಿಯಲ್ಲಿ ಎರಡನ್ನೂ ಒಟ್ಟಿಗೆ ಬಿಡುವುದೇ ಹೊಸಬರ ತಪ್ಪು. ಸ್ಟಾರ್ಟರ್ ತಿರುಗುತ್ತಿದ್ದರೆ ತಣ್ಣನೆ ಗಾಳಿ ಒಳಗೆ ನುಗ್ಗಿ, ಉಳಿದ ಇಂಧನವನ್ನೂ ಬಿಸಿಯನ್ನೂ ಹೊರಗೆ ದಬ್ಬುತ್ತದೆ. ಮತ್ತೆ ಪ್ರಯತ್ನಿಸಲು ಸ್ಟಾರ್ಟರ್‌ಗೂ ಲೆಕ್ಕವಿದೆ: 30 ಸೆಕೆಂಡ್ ಚಾಲನೆ, 60 ಸೆಕೆಂಡ್ ಬಿಡುವು. ಮೂರನೆಯ ಸಲವೂ ಆಗದಿದ್ದರೆ 30 ನಿಮಿಷ ಮುಟ್ಟಬಾರದು. ಸೆಸ್ನಾ 172ರಲ್ಲಿ ಎಂಜಿನ್ ಹೊತ್ತದಿದ್ದರೆ ನಾಲ್ಕು ಸಲ ಕೀಲಿ ತಿರುಗಿಸುತ್ತಾರೆ, ಅಷ್ಟೇ. ಇಲ್ಲಿ ಎರಡು ಸೆಕೆಂಡ್ ಮೈಮರೆತರೆ ಕೋಟಿ ರೂಪಾಯಿ ಲೆಕ್ಕದ ಟರ್ಬೈನ್ ಬಿಚ್ಚಿಸಬೇಕಾಗುತ್ತದೆ. ಈಚಿನ ಟಿಬಿಎಂ 960, ಪಿಸಿ-12 ಎನ್‌ಜಿಎಕ್ಸ್‌ಗಳಲ್ಲಿ ಈ ಕಾವಲನ್ನು ಬಹುಪಾಲು ಕಂಪ್ಯೂಟರ್ರೇ ಮಾಡುತ್ತದೆ, ಹಳೆಯ ವಿಮಾನಗಳಲ್ಲಿ ಪೈಲಟ್ಟೇ ಮಾಡಬೇಕು.

ಇನ್ನೊಂದು ಬಗೆಯ ಎಂಜಿನ್ ಹನಿವೆಲ್‌ನ ಟಿಪಿಇ331. ಎಚ್‌ಎಎಲ್ ತಯಾರಿಸುವ ಡಾರ್ನಿಯರ್ 228ರಲ್ಲಿ, ಬೆಂಗಳೂರಿನಲ್ಲೇ ರೂಪುಗೊಂಡ ಎಚ್‌ಟಿಟಿ-40 ತರಬೇತಿ ವಿಮಾನದಲ್ಲಿ ಇರುವುದು ಇದೇ. ಪಿಟಿ6ರಲ್ಲಿ ಪ್ರೊಪೆಲರ್ ತಿರುಗಿಸುವ ಟರ್ಬೈನ್ ಬೇರೆ, ಕಂಪ್ರೆಸರ್ ತಿರುಗಿಸುವ ಟರ್ಬೈನ್ ಬೇರೆ, ನಡುವೆ ಗಾಳಿಯ ಸಂಬಂಧ ಬಿಟ್ಟರೆ ಇನ್ನೇನಿಲ್ಲ. ಟಿಪಿಇಯಲ್ಲಿ ಎಲ್ಲವೂ ಒಂದೇ ಶಾಫ್ಟಿಗೆ ಬಿಗಿದಿರುತ್ತದೆ. ಹೀಗಾಗಿ ಸ್ಟಾರ್ಟರ್ ಪ್ರೊಪೆಲರನ್ನೂ ಸೇರಿಸಿಯೇ ತಿರುಗಿಸಬೇಕು. ಅಲಗುಗಳು ಚಪ್ಪಟೆಯಾಗಿ ನಿಂತಿದ್ದರೆ ಹಗುರ, ಫೆದರ್ ಆಗಿ, ಅಂದರೆ ಹಾರಾಟದ ದಿಕ್ಕಿಗೆ ಅಂಚು ಕೊಟ್ಟು ಅಡ್ಡ ನಿಂತಿದ್ದರೆ ಗಾಳಿ ಕಡೆದಂತೆ ಭಾರ. ಅದಕ್ಕಾಗಿ ಎಂಜಿನ್ ನಿಲ್ಲಿಸುವಾಗಲೇ, ವೇಗ ಪೂರ್ತಿ ಇಳಿಯುವ ಮುನ್ನ ಲೀವರನ್ನು ರಿವರ್ಸ್ ಕಡೆಗೆ ಎಳೆದು ಅಲಗುಗಳನ್ನು ಲಾಕ್‌ಗೆ ಕೂರಿಸಬೇಕು. ಮರೆತರೆ ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವವರಿಗೆ ತಲೆನೋವು. ಒಂದರಲ್ಲಿ ಪಳಗಿದ ಕೈಗೆ ಇನ್ನೊಂದು ತಾನಾಗಿ ಬರುವುದಿಲ್ಲ. ‘ಹೈ ಪರ್ಫಾರ್ಮೆನ್ಸ್’ ಸಹಿಗೆ ಮಾತ್ರ ಎರಡೂ ಒಂದೇ.

ಇನ್ನು ಲೀವರ್‌ಗಳ ವಿಚಾರ. ಟರ್ಬೊಪ್ರಾಪ್‌ನಲ್ಲಿ ಎಂಜಿನ್ ಕೆಡದೆಯೂ ಪ್ರೊಪೆಲರ್ ಕೈಕೊಡಬಹುದು, ಅಥವಾ ಪೈಲಟ್ಟೇ ಅದರ ಕೈ ಬಿಡಿಸಬಹುದು. 2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಇಳಿಯಲು ಬರುತ್ತಿದ್ದ ಎಟಿಆರ್ 72ರಲ್ಲಿ ಆಗಿದ್ದು ಇದೇ. ಹಾರಿಸುತ್ತಿದ್ದ ಪೈಲಟ್ ಫ್ಲಾಪ್ 30 ಕೇಳಿದರು. ಪಕ್ಕದವರು ‘ಆಯಿತು’ ಎಂದರು, ಆದರೆ ಫ್ಲಾಪ್ ಅಲುಗಲಿಲ್ಲ. ಬದಲಿಗೆ ಎರಡೂ ಕಂಡೀಷನ್ ಲೀವರ್‌ಗಳು (ಎಟಿಆರ್‌ನಲ್ಲಿ ಪ್ರೊಪೆಲರ್ ಹಿಡಿತವೂ ಇವುಗಳದೇ) ಫೆದರ್‌ಗೆ ಹೋದವು. ಅಲಗುಗಳು ಗಾಳಿಗೆ ಅಂಚು ಕೊಟ್ಟು ನಿಂತವು. ಎಂಜಿನ್‌ಗಳು ಉರಿಯುತ್ತಿದ್ದವು, ತಳ್ಳುವ ಬಲ ಮಾತ್ರ ಸೊನ್ನೆ. ಪವರ್ ಲೀವರ್ ಮುಂದಕ್ಕೆ ಒತ್ತಿದರೂ ಬಲ ಬರಲಿಲ್ಲ, ಏಕೆಂದರೆ ತೊಂದರೆ ಇದ್ದದ್ದು ಆ ಲೀವರ್‌ನಲ್ಲಿ ಅಲ್ಲ. ಒಳಗಿದ್ದ 72 ಜನರಲ್ಲಿ ಯಾರೂ ಉಳಿಯಲಿಲ್ಲ, ಅವರಲ್ಲಿ ಐವರು ಭಾರತೀಯರು. ಪರಸ್ಪರ ಹತ್ತಿರವಿರುವ, ಆದರೆ ಆಕಾರ ಬೇರೆ ಇರುವ ಎರಡು ಹಿಡಿಕೆಗಳು. ಹಿಡಿದು, ನೋಡಿ, ಆಮೇಲೆ ಎಳೆಯಬೇಕು ಎಂಬ ಒಂದು ಸಣ್ಣ ಶಿಸ್ತು.

ಪವರ್ ಲೀವರ್‌ನಲ್ಲೇ ಇನ್ನೊಂದು ಬಾಗಿಲಿದೆ. ಐಡಲ್‌ಗಿಂತ ಹಿಂದಕ್ಕೆ, ಒಂದು ತಡೆಯನ್ನು ಎತ್ತಿ ಎಳೆದರೆ ಪ್ರೊಪೆಲರ್ ಬೀಟಾ ಎಂಬ ವ್ಯಾಪ್ತಿಗೆ ಹೋಗುತ್ತದೆ. ಅಲಗುಗಳು ಚಪ್ಪಟೆಯಾಗಿ, ನಂತರ ಹಿಮ್ಮುಖವಾಗಿ ಬ್ರೇಕಿನಂತೆ ಕೆಲಸ ಮಾಡುತ್ತವೆ. ರನ್‌ವೇ ಮೇಲೆ ಅದು ವರ, ಆಕಾಶದಲ್ಲಿ ನಿಷಿದ್ಧ. 2002ರ ನವೆಂಬರ್ 6ರಂದು ಲಕ್ಸೆಂಬರ್ಗ್‌ನಲ್ಲಿ ಫೋಕರ್ 50 ಒಂದರ ಪ್ರೊಪೆಲರ್‌ಗಳು ಹಾರಾಟದಲ್ಲೇ ಈ ವ್ಯಾಪ್ತಿಗೆ ಹೋಗಿ 22 ಜನರಲ್ಲಿ 20 ಮಂದಿ ಸತ್ತರು. ಇದರ ಬಗ್ಗೆ 200 ಎಚ್‌ಪಿಯ ಗೆರೆ ಏನು ಹೇಳುತ್ತದೆ? ಏನೂ ಇಲ್ಲ.

ಇಳಿಯುವುದನ್ನು ಕೈಬಿಟ್ಟು ಮತ್ತೆ ಏರುವ ಕ್ಷಣವೂ ಹೀಗೆಯೇ. ಟಿಬಿಎಂನಂಥ ವಿಮಾನ 85 ನಾಟ್ ಆಸುಪಾಸಿನಲ್ಲಿ, ಫ್ಲಾಪ್ ಪೂರ್ತಿ ಬಿಟ್ಟು ರನ್‌ವೇ ಹತ್ತಿರ ಬಂದಿರುತ್ತದೆ. ಸೆಸ್ನಾ 172ರ ಅಭ್ಯಾಸದಂತೆ ಲೀವರನ್ನು ಒಂದೇ ಏಟಿಗೆ ಮುಂದಕ್ಕೆ ನೂಕಿದರೆ ಮೊದಲು ಒಂದೆರಡು ಸೆಕೆಂಡ್ ಏನೂ ಆಗುವುದಿಲ್ಲ, ಆಮೇಲೆ ಎಲ್ಲವೂ ಒಟ್ಟಿಗೇ ಬರುತ್ತದೆ. ಪ್ರೊಪೆಲರ್ ಬಲಕ್ಕೆ ತಿರುಗುತ್ತ ವಿಮಾನದ ಮೈಯನ್ನು ಎಡಕ್ಕೆ ಮಗುಚುತ್ತದೆ, ಮೂಗೂ ಎಡಕ್ಕೆ ಎಳೆಯುತ್ತದೆ. ಅಷ್ಟು ಕಡಿಮೆ ವೇಗದಲ್ಲಿ ಐಲೆರಾನ್‌ಗೂ ಬಾಲದ ರಡ್ಡರ್‌ಗೂ ಅದನ್ನು ತಡೆಯುವ ತ್ರಾಣ ಇರುವುದಿಲ್ಲ. ಬಲಗಾಲು ಮೊದಲು ಒತ್ತಬೇಕು, ಲೀವರ್ ಅಳತೆಯಲ್ಲಿ, ಟಾರ್ಕ್ ಮುಳ್ಳು ನೋಡುತ್ತ ಮುಂದಕ್ಕೆ ಹೋಗಬೇಕು. ಹೇಳಲು ಒಂದು ಸಾಲು. ಕೈಗೆ ಬರಲು ಆ ವಿಮಾನದಲ್ಲೇ, ಎತ್ತರದಲ್ಲಿ ಹಲವು ಸಲ ಮಾಡಿ ನೋಡಬೇಕು.

ಎತ್ತರದ ಸಹಿಯ ಬಗ್ಗೆ ಮಾತ್ರ ನನಗೆ ತಕರಾರಿಲ್ಲ, ಮೂರರಲ್ಲಿ ತಿರುಳಿರುವುದು ಅದೇ. ನೆಲದ ಪಾಠದಲ್ಲಿ ಉಸಿರಾಟ, ಆಮ್ಲಜನಕದ ಕೊರತೆಯ ಲಕ್ಷಣ, ದೇಹದೊಳಗಿನ ಅನಿಲ ಹಿಗ್ಗುವುದು. ಹಾರಾಟದಲ್ಲಿ ಕ್ಯಾಬಿನ್ನಿನ ಗಾಳಿ ತಟ್ಟನೆ ಹೋದಂತೆ ನಟಿಸಿ ತುರ್ತಾಗಿ ಕೆಳಗಿಳಿಯುವ ಅಭ್ಯಾಸ. 25,000 ಅಡಿಯಲ್ಲಿ ಮಾಸ್ಕ್ ಇಲ್ಲದೆ ಬುದ್ಧಿ ನೆಟ್ಟಗಿರುವುದು 3ರಿಂದ 5 ನಿಮಿಷ, 30,000 ಅಡಿಯಲ್ಲಿ 1ರಿಂದ 2 ನಿಮಿಷ. ಭಯವಾಗುವುದಿಲ್ಲ, ಉಸಿರುಗಟ್ಟುವುದಿಲ್ಲ, ಎಲ್ಲ ಸರಿಯಿದೆ ಎನಿಸುತ್ತದೆ. ಅಪಾಯವೇ ಅದು. 2014ರ ಸೆಪ್ಟೆಂಬರ್ 5ರಂದು ಅಮೆರಿಕದ ರೋಚೆಸ್ಟರ್‌ನಿಂದ ಫ್ಲಾರಿಡಾಕ್ಕೆ ಹೊರಟ ಟಿಬಿಎಂ 900ರ ಪೈಲಟ್ 28,000 ಅಡಿಯಲ್ಲಿ ಯಾವುದೋ ಸೂಚನೆ ಸರಿಯಿಲ್ಲ ಎಂದು ಹೇಳಿ ಕೆಳಗಿಳಿಯಲು ಅನುಮತಿ ಕೇಳಿದರು. ತುರ್ತು ಎಂದು ಹೇಳಲಿಲ್ಲ. ಮೊದಲು 25,000 ಅಡಿಗೆ, ಆಮೇಲೆ 20,000 ಅಡಿಗೆ ಅನುಮತಿ ಸಿಕ್ಕಿತು. ಎರಡನೆಯದನ್ನು ರೇಡಿಯೊದಲ್ಲಿ ಮರುನುಡಿದರೂ ವಿಮಾನ ಇಳಿಯಲಿಲ್ಲ. ಆಟೊಪೈಲಟ್ ಅದನ್ನು ಕ್ಯೂಬಾದ ಮೇಲೆ ಹಾಯಿಸಿ ಜಮೈಕಾದ ಹತ್ತಿರದ ಸಮುದ್ರದವರೆಗೆ ಒಯ್ದಿತು. ಒಳಗಿದ್ದ ಇಬ್ಬರೂ ಸತ್ತರು. ಇಂಥ ಹೊತ್ತಿನಲ್ಲಿ ಕ್ರಮ ಒಂದೇ: ಮೊದಲು ಮಾಸ್ಕ್, ಆಮೇಲೆ ಇಳಿತ, ರೇಡಿಯೊ ಕೊನೆಗೆ.

ಅನುಭವಿಗಳಿಗೆ ಇದೆಲ್ಲ ಸುಲಭ ಎಂದೂ ಅಲ್ಲ. ನಮ್ಮ ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದ ಅವಳಿ ಟರ್ಬೊಪ್ರಾಪ್ ‘ಸಾರಸ್’ನ ಎರಡನೇ ಮಾದರಿ 2009ರ ಮಾರ್ಚ್ 6ರಂದು ಬಿಡದಿಯ ಬಳಿ ಬಿದ್ದದ್ದು, ಆಕಾಶದಲ್ಲಿ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯ ವೇಳೆ. ವಾಯುಪಡೆಯ ಮೂವರು ಪರೀಕ್ಷಾ ಸಿಬ್ಬಂದಿ ತೀರಿಕೊಂಡರು. ಮರುಹೊತ್ತಿಸಲು ರೂಪಿಸಿದ್ದ ಕ್ರಮವೇ ಸರಿಯಿರಲಿಲ್ಲ, ಎತ್ತರವೂ ಸಾಲದಾಗಿತ್ತು ಎಂದು ತನಿಖೆ ಹೇಳಿತು. ದೇಶದ ಅತ್ಯುತ್ತಮ ಕೈಗಳೇ ಅಲ್ಲಿ ಕೂತಿದ್ದವು.

ಹಾಗೆಂದು ಹೊಸಬರ ಕೈಗೆ ಟರ್ಬೊಪ್ರಾಪ್ ಕೊಡಲೇಬಾರದೇ ಎಂದರೆ, ಅದಕ್ಕೆ ಎದುರು ಸಾಕ್ಷಿಯೂ ನಮ್ಮಲ್ಲೇ ಇದೆ. 2013ರಿಂದ ವಾಯುಪಡೆಯ ಕೆಡೆಟ್‌ಗಳು ಮೊದಲ ಪಾಠ ಕಲಿಯುತ್ತಿರುವುದು 700 ಎಚ್‌ಪಿಯ ಪಿಲಾಟಸ್ ಪಿಸಿ-7 ಮಾರ್ಕ್-2ರಲ್ಲಿ. 2016ರ ಮೇ 31ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ, 2023ರ ಮಾರ್ಚ್‌ನಲ್ಲಿ 70 ವಿಮಾನಗಳಿಗೆ ಒಪ್ಪಂದವಾದ ಎಚ್‌ಟಿಟಿ-40ರದು 1,100 ಎಚ್‌ಪಿ ದರ್ಜೆಯ ಎಂಜಿನ್. ಅಮೆರಿಕದ ಪುಸ್ತಕದ ಪ್ರಕಾರ ಇವೆರಡೂ ‘ಹೈ ಪರ್ಫಾರ್ಮೆನ್ಸ್’. ಆದರೂ ಇಪ್ಪತ್ತು ದಾಟಿದ ಹುಡುಗ ಹುಡುಗಿಯರು ಪಿಸಿ-7ರಲ್ಲೇ ಒಂಟಿ ಹಾರಾಟಕ್ಕೆ ಹೋಗುತ್ತಾರೆ, ಏಕೆಂದರೆ ಕಲಿಸುವುದೂ ಅದೇ ವಿಮಾನದಲ್ಲಿ, ಒಂದೊಂದು ಪಾಠವೂ ಅಳತೆ ಹಾಕಿದ್ದು.

ನಡುವೆ ಇನ್ನೊಂದು ಸಣ್ಣ ಗೊಂದಲ, ಇದು ಇಂಧನ ತುಂಬುವವರಿಗೂ ಸೇರಿ: ‘ಟರ್ಬೊ’ ಎಂದು ಮೈಮೇಲೆ ಬರೆದುಕೊಂಡ ವಿಮಾನವೆಲ್ಲ ಟರ್ಬೊಪ್ರಾಪ್ ಅಲ್ಲ. ಟರ್ಬೊಚಾರ್ಜ್ ಆದ ಪೆಟ್ರೋಲ್ ಎಂಜಿನ್ನಿನ ಮೇಲೂ ಹಾಗೆ ಬರೆದಿರುತ್ತದೆ. ಅದಕ್ಕೆ ಜೆಟ್ ಇಂಧನ ತುಂಬಿದರೆ ಹಳೆಯ ಪೆಟ್ರೋಲ್ ಮುಗಿಯುವವರೆಗೆ ಓಡಿ, ಏರುವಾಗ ನಿಲ್ಲುತ್ತದೆ. ಜೆಟ್ ಇಂಧನದ ನಳಿಕೆಯ ಬಾಯಿ ಬಾತುಕೋಳಿ ಕೊಕ್ಕಿನಂತೆ ಅಗಲ ಮಾಡಿರುವುದು ಪೆಟ್ರೋಲ್ ಟ್ಯಾಂಕಿನ ಕಿರಿದಾದ ಬಾಯೊಳಗೆ ಅದು ಇಳಿಯದಿರಲಿ ಎಂದೇ.

ಸುದ್ದಿ ಬರೆಯುವವರಿಗೆ ನನ್ನ ಕೋರಿಕೆ ಸರಳವಾದದ್ದು. ‘ಹೈ ಪರ್ಫಾರ್ಮೆನ್ಸ್’ ಬಿಟ್ಟುಬಿಡಿ. ಎಂಜಿನ್ ಒಂದೋ ಎರಡೋ, ತಲಾ ಎಷ್ಟು ಎಚ್‌ಪಿ, ಚಕ್ರ ಮಡಚುತ್ತದೆಯೇ, ಕ್ಯಾಬಿನ್ನಿಗೆ ಒತ್ತಡ ಇದೆಯೇ, ಒಬ್ಬ ಪೈಲಟ್ಟೋ ಇಬ್ಬರೋ ಎಂದು ಬರೆಯಿರಿ, ಓದುಗರಿಗೆ ವಿಮಾನ ಕಣ್ಣಿಗೆ ಕಟ್ಟುತ್ತದೆ. ಶುಲ್ಕ ಕಟ್ಟುವ ಮುನ್ನ ತಂದೆತಾಯಂದಿರು ಶಾಲೆಗೆ ಕೇಳಬೇಕಾದ್ದೂ ಬರಹದಲ್ಲೇ ಸಿಗುವಂಥದ್ದು. ಆ ಸಹಿ 61.31ರ ‘ಎಫ್’ನದೋ, ‘ಇ’ಯದೋ, ‘ಜಿ’ಯದೋ? ಯಾವ ಮಾದರಿಯ ವಿಮಾನದಲ್ಲಿ ಕೊಡುತ್ತೀರಿ, ಅದು ಪಿಸ್ಟನ್ನೋ ಟರ್ಬೈನೋ? ಅದರಲ್ಲಿ ಹಾರಾಟ ಎಷ್ಟು ಗಂಟೆ, ಸಿಮ್ಯುಲೇಟರ್ ಎಷ್ಟು ಗಂಟೆ? ಗಂಟೆ ಲೆಕ್ಕದ ಬಾಡಿಗೆಯಲ್ಲಿ ಇಂಧನ, ಬೋಧಕರ ಸಂಬಳ ಸೇರಿದೆಯೇ? ಸೆಸ್ನಾ 182ರಲ್ಲಿ ಕೆಲವೇ ಗಂಟೆ ಎಂಬ ಉತ್ತರ ಬಂದರೆ, ಆ ಸಹಿಗೆ ಅಷ್ಟೇ ಬೆಲೆ ಕಟ್ಟಿ. ಟರ್ಬೊಪ್ರಾಪ್ ಎಂದು ಶುಲ್ಕದ ಪಟ್ಟಿಯಲ್ಲಿ ಬರೆದಿದ್ದರೆ, ಆ ವಿಮಾನದ ಎಂಜಿನ್ ಅನ್ನು ವಿದ್ಯಾರ್ಥಿ ತನ್ನ ಕೈಯಾರೆ ಎಷ್ಟು ಸಲ ಹೊತ್ತಿಸುತ್ತಾನೆ ಎಂದು ಕೇಳಿ.

— ವಿಮಾನಯಾನ ತರಬೇತುದಾರ, ಜಕ್ಕೂರು, ಬೆಂಗಳೂರು